ಬಾಂಬಿಗೆ ಕಾಲು ತಗುಲಿದ್ದು

ಬಾಂಬನ್ನು ನಾನು ಬೇಕೆಂದು ಒದೆಯಲಿಲ್ಲ. ಇದನ್ನು ಅವತ್ತು ಅಲ್ಲಿದ್ದ ಕಾವಲುಗಾರನಿಗೆ ಹೇಳಿದೆ, ಸಂಗ್ರಹಾಲಯದ ನಿರ್ದೇಶಕಿಗೆ ಹೇಳಿದೆ, ಮನೆಗೆ ಬಂದು ಹೆಂಡತಿಗೆ ಹೇಳಿದೆ, ಈಗ ನಿಮಗೂ ಹೇಳುತ್ತಿದ್ದೇನೆ. ಹಿಂದೆ ನೋಡದೆ ಒಂದು ಹೆಜ್ಜೆ ಹಿಂದಕ್ಕಿಟ್ಟೆ, ಹಿಮ್ಮಡಿ ತಗುಲಿತು. ಅಷ್ಟೆ. ಅದಾದ ಮೇಲಿನದ್ದು ಮಾತ್ರ ನಾನೇ ಮಾಡಿದ್ದು, ಅದನ್ನು ಅಲ್ಲಗಳೆಯುವುದಿಲ್ಲ.

ನಾನು ಯಶವಂತ್, ಮೈಸೂರಿನ ಸರಸ್ವತಿಪುರಂನವನು. ಹನ್ನೊಂದು ವರ್ಷದಿಂದ ಜರ್ಮನಿಯ ಸೇಂಟ್ ಲಿಯೋನ್-ರೋಟ್‌ನಲ್ಲಿದ್ದೇನೆ. ಬೇರೆ ಬೇರೆ ಕಂಪನಿಗಳ ಜನ ರಜೆ ಹಾಕುವುದಕ್ಕೆ ಬೇಕಾದ ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಅದನ್ನು ಬರೆಯುವ ಗಡಿಬಿಡಿಯಲ್ಲಿ ನನಗೇ ರಜೆ ಸಿಗುವುದಿಲ್ಲ. ಆಫೀಸಿನಲ್ಲಿ ಎಲ್ಲ ಇಂಗ್ಲಿಷ್. ಹೀಗಾಗಿ ನನ್ನ ಜರ್ಮನ್ ಬ್ರೆಡ್ ಕೊಳ್ಳುವಷ್ಟು, ರೈಲು ತಡವಾದರೆ ಗೊಣಗುವಷ್ಟು ಇದೆ. ಅರ್ಥವಾಗುವುದು ಅದಕ್ಕಿಂತ ಬಹಳ ಹೆಚ್ಚು, ಆದರೆ ಅದನ್ನು ಯಾರಿಗೂ ಹೇಳುವುದಿಲ್ಲ. ಅರ್ಥವಾಗುತ್ತದೆ ಎಂದು ಗೊತ್ತಾದರೆ ಮನೆ ಮಾಲೀಕ ಕಸದ ಡಬ್ಬಿಗಳ ಬಗ್ಗೆ ಮಾತಾಡಲು ಶುರುಮಾಡುತ್ತಾನೆ.

ನನಗೆ ಒಬ್ಬಳೇ ಮಗಳು, ನಿಶ್ಚಿತಾ. ಹದಿಮೂರು ವರ್ಷ. ಏಪ್ರಿಲ್‌ನಲ್ಲಿ ಕಾರ್ಲ್ಸ್‌ರುಹೆಯಲ್ಲಿ ಕನ್ನಡದವರೆಲ್ಲ ಸೇರಿ ಯುಗಾದಿ ಕಾರ್ಯಕ್ರಮ ಮಾಡಿದರು. ನಿರೂಪಣೆ ನನ್ನದು. ಮೈಕು ಕೈಗೆ ಬಂದರೆ ನೀವು ಮನುಷ್ಯರಾಗಿ ಉಳಿಯುವುದಿಲ್ಲ ಎಂದು ನನ್ನ ಹೆಂಡತಿ ಕೀರ್ತಿ ಮೊದಲಿನಿಂದಲೂ ಹೇಳುತ್ತಾಳೆ. ನಿಶ್ಚಿತಾ ಬೇವು-ಬೆಲ್ಲದ ಮೇಲೆ ಎರಡು ನಿಮಿಷದ ಭಾಷಣವನ್ನು ತಾನೇ ಬರೆದುಕೊಂಡಿದ್ದಳು. ಮೂರು ವಾರ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡಿದ್ದಳು. ವೇದಿಕೆ ಹತ್ತಿ ಅರ್ಧ ಚೆನ್ನಾಗಿಯೇ ಹೇಳಿದಳು. ಆಮೇಲೆ ಮುಂದಿನ ಸಾಲು ಮರೆತುಹೋಯಿತು. ಮುನ್ನೂರು ಜನ ಸುಮ್ಮನೆ ಕೂತಿದ್ದರು. ಅವಳು ನನ್ನ ಕಡೆ ತಿರುಗಿ ನೋಡಿದಳು. ನಾನು ಮೈಕಿನಲ್ಲಿ, "ಸಭಿಕರು ಕ್ಷಮಿಸ್ಬೇಕು, ಇದು ಜರ್ಮನಿ ಮಾಡೆಲ್ಲು, ಕನ್ನಡದ ಅಪ್‌ಡೇಟ್ ಇನ್ನೂ ಬಂದಿಲ್ಲ" ಅಂದೆ. ಸಭೆ ಗೊಳ್ಳೆಂದು ನಕ್ಕಿತು. ಹಿಂದಿನ ಸಾಲಿನವರು ಚಪ್ಪಾಳೆ ಕೂಡ ತಟ್ಟಿದರು. ಅವಳು ಕೆಳಗಿಳಿದು ಹೋದಳು.

ಕಾರಿನಲ್ಲಿ ಬರುವಾಗ ಒಂದೇ ಮಾತು ಹೇಳಿದಳು, ಅದೂ ಜರ್ಮನ್‌ನಲ್ಲಿ: "ಜರ್ಮನಿ ಮಾಡೆಲ್ ಜರ್ಮನ್ ಮಾತಾಡುತ್ತದೆ." ಅಂದಿನಿಂದ ನನ್ನ ಜೊತೆ ಕನ್ನಡ ಬಂದ್. ಅಮ್ಮನ ಜೊತೆ ಕನ್ನಡ, ಮೈಸೂರಿನ ಅಜ್ಜಿಯ ಜೊತೆ ಫೋನಿನಲ್ಲಿ ಕನ್ನಡ, ನನಗೆ ಮಾತ್ರ ಹೌದಿಗೆ ಯಾ, ಇಲ್ಲಕ್ಕೆ ನೈನ್, ಹೆಚ್ಚೆಂದರೆ ಉಪ್ಪು ಕೊಡು.

ಹೀಗೆ ಏಳು ವಾರ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮೂರನೇ ಕ್ಲಾಸಿನಲ್ಲಿ ಇಪ್ಪತ್ತು ಸಲ ಕಾಪಿ ಬರೆದವನು ನಾನು. ಅಕ್ಷರ ದುಂಡಗಾಯಿತೇ ಹೊರತು ಬುದ್ಧಿ ಬರಲಿಲ್ಲ. ಅವಳಿಗೆ ಹೆಡ್‌ಫೋನ್ ತಂದುಕೊಟ್ಟೆ, ಜರ್ಮನ್‌ನ ಥ್ಯಾಂಕ್ಸ್, "ಡಾಂಕೆ" ಅಂದಳು. ಭಾನುವಾರ ಸೆಟ್ ದೋಸೆ ಮಾಡಿಕೊಟ್ಟೆ, "ಡಾಂಕೆ" ಅಂದಳು.

"ಒಂದ್ಸಲ ತಪ್ಪಾಯ್ತು ಅಂದ್ಬಿಡಿ, ಮುಗ್ದೋಗತ್ತೆ" ಅಂದಳು ಕೀರ್ತಿ.

"ಅಪ್ಪ ಮಗಳ ಹತ್ರ ತಪ್ಪಾಯ್ತು ಅನ್ನೋದಾ? ನಮ್ಮಪ್ಪ ನನಗೆ ಯಾವತ್ತಾದ್ರೂ ಅಂದಿದ್ರಾ?"

"ಅಂದಿಲ್ಲ. ಅದಕ್ಕೇ ನೀವು ಅವರ ಹತ್ರ ಫೋನಲ್ಲಿ ಎರಡು ನಿಮಿಷದ ಮೇಲೆ ಮಾತಾಡಲ್ಲ."

ನಾನು ಎದ್ದು ಡಿಶ್‌ವಾಷರ್ ತುಂಬಿದೆ.

ಅಷ್ಟರಲ್ಲಿ ಶಾಲೆಯಿಂದ ಇಮೇಲ್ ಬಂತು. ನಿಶ್ಚಿತಾಳ ತರಗತಿ ಅಣುಬಾಂಬು ಪರೀಕ್ಷೆಗಳ ಇತಿಹಾಸದ ಸಂಗ್ರಹಾಲಯ ನೋಡಲು ಹೋಗಲಿದೆ, ಜೊತೆಗೆ ಬರಬೇಕಿದ್ದ ಒಬ್ಬ ತಾಯಿಯ ಬೆನ್ನು ಹಿಡಿದುಕೊಂಡಿದೆ, ನಿಯಮದ ಪ್ರಕಾರ ಇಬ್ಬರು ದೊಡ್ಡವರು ಇಲ್ಲದೆ ಬಸ್ಸು ಹೊರಡುವಂತಿಲ್ಲ, ಯಾರಾದರೂ ಬರುತ್ತೀರಾ ಎಂದು. ಓದಿ ಮುಗಿಸುವ ಮೊದಲೇ ಬರುತ್ತೇನೆ ಎಂದು ಬರೆದೆ. ಇಡೀ ದಿನ ಒಂದೇ ಬಸ್ಸಿನಲ್ಲಿ, ಒಂದೇ ಸೂರಿನಡಿ ಇದ್ದರೆ ಅವಳು ಒಂದು ಸಲವಾದರೂ ಬಾಯಿತಪ್ಪಿ ಕನ್ನಡ ಆಡಲಾರಳೇ ಎಂಬುದು ನನ್ನ ಲೆಕ್ಕಾಚಾರ. ಹಿಂದಿನ ದಿನ ವಾಟ್ಸಾಪಿನಲ್ಲಿ ಅವಳಿಂದ ಮೂರು ಸಾಲು ಬಂತು. ಜೋಕ್ ಹೇಳಬೇಡ. ನನ್ನ ಸ್ನೇಹಿತೆಯರಿಗೆ ಕೋಡುಬಳೆ ಹಂಚಬೇಡ. ನನ್ನಿಂದ ಐದು ಮೀಟರ್ ದೂರ ಇರು. ಎಲ್ಲ ಜರ್ಮನ್‌ನಲ್ಲೇ.

ಸಂಗ್ರಹಾಲಯ ಕಾಡಿನ ಮಧ್ಯೆ ಹಳೆಯ ಮಿಲಿಟರಿ ಬಂಕರ್ ಒಂದರಲ್ಲಿತ್ತು. ಸ್ಥಳೀಯ ಸಂಘವೊಂದು ಅದನ್ನು ನಡೆಸುತ್ತದೆ. ಜರ್ಮನಿಯಲ್ಲಿ ಮೂರು ಜನ ಸೇರಿದರೆ ಒಂದು ಸಂಘ, ಸಂಘಕ್ಕೊಂದು ನಿಯಮಾವಳಿ, ನಿಯಮಾವಳಿಗೊಂದು ಫೈಲು. ಮೇ ತಿಂಗಳಾದರೂ ಒಳಗೆ ಫ್ರಿಜ್ಜಿನಂಥ ಚಳಿ. ನಾನು ಐದು ಮೀಟರ್ ದೂರದಲ್ಲಿ, ಕೈಗಳನ್ನು ಜೇಬಿನಲ್ಲಿಟ್ಟುಕೊಂಡು, ಸಭ್ಯನಾಗಿ ನಡೆದೆ.

ಮನುಷ್ಯರು ಇದುವರೆಗೆ ಎರಡು ಸಾವಿರಕ್ಕೂ ಹೆಚ್ಚು ಸಲ ಇದನ್ನು ಪರೀಕ್ಷೆ ಮಾಡಿದ್ದಾರಂತೆ. ನನಗೆ ಮೊದಲು ಸಿಟ್ಟು ಬಂದದ್ದೇ ಅಲ್ಲಿ. ಮೊದಲನೆಯ ಸಲವೇ ಸಿಡಿಯಿತಲ್ಲ, ಆಮೇಲೆ ಇನ್ನೇನು ಅನುಮಾನ? ಒಂದು ಗೋಡೆಯ ತುಂಬ ಆ ಪರೀಕ್ಷೆಗಳಿಗೆ ಬಲಿಯಾದ ಪ್ರಾಣಿಗಳ ಫೋಟೋ. ಹಡಗಿಗೆ ಕಟ್ಟಿದ ಆಡುಗಳು. ಹಂದಿಗಳಿಗೆ ಸೈನಿಕರ ಸಮವಸ್ತ್ರದ ಬಟ್ಟೆ ಹೊಲಿಸಿ ತೊಡಿಸಿದ್ದರು, ಬಟ್ಟೆ ಎಷ್ಟು ತಡೆಯುತ್ತದೆ ನೋಡಲಿಕ್ಕೆ. ಹಂದಿಯ ಅಳತೆ ತೆಗೆದುಕೊಂಡ ದರ್ಜಿ ಮನೆಗೆ ಹೋಗಿ ಹೆಂಡತಿಗೆ ಏನು ಹೇಳಿರಬಹುದು ಎಂದು ನಾನು ಬಹಳ ಹೊತ್ತು ಯೋಚಿಸಿದೆ.

ಇನ್ನೊಂದು ಕೋಣೆಯಲ್ಲಿ ಮರುಭೂಮಿಯಲ್ಲಿ ಕಟ್ಟಿದ್ದ ಸುಳ್ಳು ಮನೆಯ ಮಾದರಿ. ಸೋಫಾ, ಪರದೆ, ಊಟದ ಮೇಜು. ಮೇಜಿನ ಸುತ್ತ ಬಟ್ಟೆ ಅಂಗಡಿಯ ಗೊಂಬೆಗಳು: ಅಪ್ಪ, ಅಮ್ಮ, ಮಗಳು. ಬಾಂಬು ಬೀಳುವುದನ್ನು ಕಾಯುತ್ತ ಊಟಕ್ಕೆ ಕೂತಿದ್ದರು. ಅಪ್ಪ ಮಗಳು ಎದುರುಬದುರು, ಮಾತಿಲ್ಲ. ನಮ್ಮ ಮನೆಯೇ ಅನ್ನಿಸಿತು. ಬೇಗ ಅಲ್ಲಿಂದ ಹೊರಬಿದ್ದೆ.

ಕೊನೆಯ ಹಜಾರದಲ್ಲಿ ಬಾಂಬು ಇತ್ತು. ನಿಜವಾದದ್ದಲ್ಲ, ಪರೀಕ್ಷೆಯಲ್ಲಿ ಬಳಸಿದ್ದ ಒಂದರ ಕಬ್ಬಿಣದ ಪ್ರತಿಕೃತಿ. ನಮ್ಮ ಕಾರಿನಷ್ಟು ಉದ್ದ, ಹಸಿರು ಬಣ್ಣ, ಹಿಂದೆ ರೆಕ್ಕೆ. ಗಿಡ್ಡ ಮರದ ದಿಮ್ಮಿಗಳ ಮೇಲೆ ಮಲಗಿಸಿದ್ದರು. ಶಿಕ್ಷಕ ಕೆಸ್ಲರ್ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದು ಫೋಟೋ ತೆಗೆಯುತ್ತೀರಾ ಎಂದು ನನ್ನನ್ನು ಕೇಳಿದರು. ಇಪ್ಪತ್ತನಾಲ್ಕು ಮಕ್ಕಳು ಚೌಕಟ್ಟಿನಲ್ಲಿ ಹಿಡಿಸಲಿಲ್ಲ. ತುದಿಯಲ್ಲಿ ನಿಂತಿದ್ದ ನಿಶ್ಚಿತಾ ಅರ್ಧ ಕತ್ತರಿಸಿ ಹೋಗುತ್ತಿದ್ದಳು. ನಾನು ಹಿಂದಕ್ಕೆ ಹೋದೆ, ಇನ್ನೊಂದು ಹೆಜ್ಜೆ ಹೋದೆ, ಹಿಮ್ಮಡಿ ಬಾಂಬಿನ ರೆಕ್ಕೆಗೆ ಬಡಿಯಿತು. ಒಳಗೆ ಟೊಳ್ಳಾದ್ದರಿಂದ ಢಣ್ ಎಂದು ಹಜಾರವೆಲ್ಲ ಮೊಳಗಿತು.

ಆಮೇಲೆ ಆದದ್ದಕ್ಕೆ ನನ್ನ ತಲೆಯ ಅಪ್ಪಣೆ ಇರಲಿಲ್ಲ. ತಿರುಗಿದೆ, ಬಗ್ಗಿದೆ, ಬಲಗೈಯ ಬೆರಳುಗಳಿಂದ ಬಾಂಬನ್ನು ಮುಟ್ಟಿದೆ, ಎರಡೂ ಕಣ್ಣಿಗೆ ಒತ್ತಿಕೊಂಡೆ, ಎದೆಗೂ ಒತ್ತಿಕೊಂಡೆ. ಕಾಲು ತಗುಲಿದರೆ ನೀವು ಏನು ಮಾಡುತ್ತೀರೋ ಅದನ್ನೇ ಮಾಡಿದೆ.

ತಕ್ಷಣ ಕೆಂಪು ದೀಪ ಹತ್ತಿತು. ಒಬ್ಬ ಹೆಂಗಸಿನ ಇಂಪಾದ ಧ್ವನಿ, ದಯವಿಟ್ಟು ವಸ್ತುವಿನಿಂದ ದೂರವಿರಿ ಎಂದು ನಾಲ್ಕು ಭಾಷೆಗಳಲ್ಲಿ ಹೇಳಿತು. ಮಕ್ಕಳು ಬಾಯಿ ತೆರೆದು ನಿಂತರು. ನಿಶ್ಚಿತಾ ಮುಖ ಮುಚ್ಚಿಕೊಂಡಳು. ಕಾವಲುಗಾರ ಫಿಟ್ಸರ್ ಎಂಬ ಎತ್ತರದ ಮುದುಕ ಹಲಗೆಗೆ ಸಿಕ್ಕಿಸಿದ ಫಾರಂ ಹಿಡಿದುಕೊಂಡೇ ಬಂದ. ಅವನ ನಡಿಗೆ ನೋಡಿದರೆ ಆ ಫಾರಂ ಬಳಸುವ ಯೋಗಕ್ಕೆ ವರ್ಷಗಟ್ಟಲೆ ಕಾದಂತಿತ್ತು.

"ತಪ್ಪಾಯಿತು, ಕಾಲು ತಗುಲಿತು" ಎಂದು ನನ್ನ ಹರಕು ಜರ್ಮನ್‌ನಲ್ಲಿ ಹೇಳಿದೆ.

"ಕಾಲಿಗೆ ನಿಯಮವಿಲ್ಲ" ಅಂದ ಫಿಟ್ಸರ್. "ನಿಯಮ ಇರುವುದು ಕೈಗೆ. ನೀವು ಕೈಯಿಂದ ಮುಟ್ಟಿದಿರಿ."

ಅಂದರೆ ಒದ್ದು ಸುಮ್ಮನೆ ಹೋಗಿದ್ದರೆ ಏನೂ ಇಲ್ಲ. ಒದ್ದದ್ದಕ್ಕೆ ನಮಸ್ಕಾರ ಮಾಡಿದ್ದು ಅಪರಾಧ. ಫಾರಂನಲ್ಲಿ ನಾಲ್ಕು ಚೌಕಗಳಿದ್ದವು: ಹಾನಿ ಮಾಡುವ ಉದ್ದೇಶ, ಕಳ್ಳತನ, ರಾಜಕೀಯ ಪ್ರತಿಭಟನೆ, ಆಕಸ್ಮಿಕ. ನಾನು ಆಕಸ್ಮಿಕಕ್ಕೆ ಬೆರಳು ತೋರಿಸಿದೆ. ಫಿಟ್ಸರ್ ತಲೆಯಾಡಿಸಿದ. ಕ್ಯಾಮೆರಾದ ದೃಶ್ಯವನ್ನು ಟ್ಯಾಬ್ಲೆಟ್ಟಿನಲ್ಲಿ ನಿಧಾನಗತಿಯಲ್ಲಿ ಮೂರು ಸಲ ಹಾಕಿದ. ಕಾಲು ಆಕಸ್ಮಿಕ, ಕೈ ಆಕಸ್ಮಿಕವಲ್ಲ, ಎಲ್ಲರಿಗೂ ಸ್ಪಷ್ಟವಾಗಿ ಕಾಣುತ್ತಿತ್ತು. ಮೂರನೆಯ ಸಲ ಮಕ್ಕಳಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಫಾರಂ ತುಂಬುವವರೆಗೆ ನಾನು ಹೊರಡುವಂತಿಲ್ಲ. ನಾನು ಹೊರಡದೆ ತರಗತಿ ಹೊರಡುವಂತಿಲ್ಲ, ಇಬ್ಬರು ದೊಡ್ಡವರ ನಿಯಮ. ತರಗತಿ ಹೊರಡದೆ ಬಸ್ಸು ಹೊರಡುವಂತಿಲ್ಲ. ಕೆಸ್ಲರ್ ಗಡಿಯಾರ ನೋಡಿಕೊಂಡು ಗೋಡೆಗೆ ಒರಗಿದರು.

ಫಿಟ್ಸರ್ ಹೋಗಿ ನಿರ್ದೇಶಕಿಯನ್ನು ಕರೆತಂದ. ಡಾಕ್ಟರ್ ಹಾಗೆಡೊರ್ನ್ ಎಂದು ಹೆಸರು. ಅರವತ್ತು ದಾಟಿದ ಸಣಕಲು ಹೆಂಗಸು, ಕೊರಳಲ್ಲಿ ಸರಕ್ಕೆ ಕಟ್ಟಿದ ಕನ್ನಡಕ. ದೃಶ್ಯವನ್ನು ನೋಡಿ ಆಕೆ ಕುರ್ಚಿ ತರಿಸಿ ಕೂತೇಬಿಟ್ಟರು. ನನಗೂ ಒಂದು ಹಾಕಿಸಿದರು. ಮಕ್ಕಳು ಸುತ್ತ ನೆಲದ ಮೇಲೆ ಕೂತರು. ಬಾಂಬು ಮಧ್ಯೆ ಇತ್ತು, ಪಂಚಾಯ್ತಿಯಲ್ಲಿ ಅದೂ ಒಬ್ಬ ಕಕ್ಷಿಯಂತೆ.

ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ. ಆಕೆ ಕೈಯೆತ್ತಿ ತಡೆದರು.

"ಬೇಡ. ಈ ಸಂಗ್ರಹಾಲಯದಲ್ಲಿ ಹೇಳಿಕೆಯನ್ನು ಮಾತೃಭಾಷೆಯಲ್ಲೇ ಪಡೆಯುವುದು ನಿಯಮ. ಪರೀಕ್ಷೆ ನಡೆದ ದ್ವೀಪಗಳ ಜನರ ಬಾಯಲ್ಲಿ ಯಾರ್ಯಾರೋ ಯಾವ್ಯಾವುದೋ ಮಾತು ತುರುಕಿ, ಅವರಿಗೇನೂ ಅಭ್ಯಂತರವಿಲ್ಲ ಎಂದು ಬರೆದುಕೊಂಡರು. ಇಲ್ಲಿ ಹಾಗಾಗಬಾರದು. ನಿಮ್ಮ ಮಾತೃಭಾಷೆ ಯಾವುದು?"

"ಕನ್ನಡ."

"ಇಲ್ಲಿ ಅದು ಯಾರಿಗೆ ಬರುತ್ತದೆ?"

ಇಪ್ಪತ್ತಮೂರು ತಲೆಗಳು ಒಟ್ಟಿಗೆ ನಿಶ್ಚಿತಾಳ ಕಡೆ ತಿರುಗಿದವು. ಅವಳು ನೆಲ ನೋಡುತ್ತ ಕೂತಿದ್ದಳು. ಕೆಸ್ಲರ್ ಮತ್ತೆ ಗಡಿಯಾರ ನೋಡಿದರು. ಅವಳು ಎದ್ದು ಬಂದಳು. ಐದು ಮೀಟರ್ ದೂರವನ್ನು ಒಂದೊಂದೇ ಹೆಜ್ಜೆ ಕಡಿಮೆ ಮಾಡುತ್ತ ಬಂದು ನನ್ನ ಕುರ್ಚಿಯ ಪಕ್ಕ ನಿಂತಳು. ನಿರ್ದೇಶಕಿ ಜರ್ಮನ್‌ನಲ್ಲಿ ಕೇಳಿದರು. ಇವಳು ಹಲ್ಲು ಕಚ್ಚಿಕೊಂಡು ನನಗೆ ಹೇಳಿದಳು:

"ಏನ್ ಮಾಡ್ದೆ ಅಂತ ಕೇಳ್ತಿದಾರೆ."

ಏಳು ವಾರದ ಮೇಲೆ ಕನ್ನಡ! ನಾಲ್ಕು ಪದ. ನನಗೆ ಕಣ್ಣು ತುಂಬಿತು. ಅದನ್ನು ನೋಡಿ ನಿರ್ದೇಶಕಿ ಏನೋ ಬರೆದುಕೊಂಡರು.

ಇಲ್ಲಿ ಒಪ್ಪಿಕೊಳ್ಳಬೇಕಾದದ್ದು ಒಂದಿದೆ. ಆ ಹೊತ್ತಿನಲ್ಲಿ ನಾನು, ಇದು ನಮ್ಮ ಕಡೆಯ ಒಂದು ಅಭ್ಯಾಸ, ಅರ್ಥವೇನೂ ಇಲ್ಲ ಅಂದಿದ್ದರೆ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಆದರೆ ಮುಗಿದರೆ ಅವಳ ಕನ್ನಡವೂ ಮುಗಿಯುತ್ತಿತ್ತು. ಆದ್ದರಿಂದ ನಾನು ಹರಿಕಥೆ ಶುರುಮಾಡಿದೆ.

"ಹೇಳಮ್ಮ ಅವರಿಗೆ. ನಮ್ಮಲ್ಲಿ ಯಾವುದಕ್ಕಾದ್ರೂ ಕಾಲು ತಗುಲಿದ್ರೆ ಮುಟ್ಟಿ ಕಣ್ಣಿಗೊತ್ಕೋತೀವಿ. ಪುಸ್ತಕಕ್ಕೆ, ಪೇಪರ್‌ಗೆ, ಅಕ್ಕಿಗೆ, ವೀಣೆಗೆ, ಪಕ್ಕದಲ್ಲಿ ಕೂತೋರಿಗೆ, ಬಸ್ಸಲ್ಲಿ ಅಪರಿಚಿತರಿಗೆ, ಪೊರಕೆಗೆ..."

"ಪೊರಕೆಗಾ?" ಅಂದಳು ನಿಶ್ಚಿತಾ, ತಾನು ಅನುವಾದಕಿ ಎಂಬುದನ್ನು ಮರೆತು.

"ಹೂಂ ಮತ್ತೆ. ಲಕ್ಷ್ಮಿ ಅಲ್ವಾ."

ಅವಳು ಜರ್ಮನ್‌ಗೆ ಇಳಿಸಿದಳು. ನಿರ್ದೇಶಕಿ ಹಾಳೆಯಲ್ಲಿ ಗೆರೆ ಎಳೆದು ಪಟ್ಟಿಯನ್ನೇ ಮಾಡತೊಡಗಿದರು. ಮುಂದಿನ ಸಾಲಿನಲ್ಲಿ ಕೂತಿದ್ದ ಲಿಯೋನ್ ಎಂಬ ಹುಡುಗ ಕೈಯೆತ್ತಿದ.

"ಫುಟ್‌ಬಾಲ್‌ಗೆ ಅಂತ ಕೇಳ್ತಿದಾನೆ" ಅಂದಳು ನಿಶ್ಚಿತಾ. "ಪ್ರತಿ ಕಿಕ್ಕಿಗೂ ಬಗ್ಗಬೇಕಾ ಅಂತ."

"ಫುಟ್‌ಬಾಲ್‌ಗೆ ವಿನಾಯಿತಿ ಇದೆ ಅನ್ನು."

ಚೆಂಡು, ವಿನಾಯಿತಿ ಎಂದು ನಿರ್ದೇಶಕಿ ಬರೆದುಕೊಂಡರು. ನಾನು ಮನಸ್ಸಿನಲ್ಲೇ ನನ್ನ ಮಗಳ ವಾಕ್ಯಗಳನ್ನು ಎಣಿಸುತ್ತಿದ್ದೆ. ಪೊರಕೆ ಸೇರಿ ನಾಲ್ಕು.

"ಹಾಗಾದ್ರೆ ಬಾಂಬು ನಿಮಗೆ ದೇವರಾ ಅಂತ ಕೇಳ್ತಿದಾರೆ."

"ಛೆ ಛೆ. ದೇವರಲ್ಲ ಅನ್ನು. ಆದ್ರೆ ಆಯುಧ ಪೂಜೆ ಅಂತ ಒಂದಿದೆ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕಾಗುತ್ತೆ. ಕಾರಿಗೆ ಹೂ ಹಾಕ್ತೀವಿ. ಕಳೆದ ವರ್ಷ ನಾನು ಆಫೀಸಿನ ಲ್ಯಾಪ್‌ಟಾಪಿಗೆ ಕುಂಕುಮ ಇಟ್ಟು, ಅದು ಕೀಬೋರ್ಡಿನೊಳಗೆ ಹೋಗಿ..."

"ಅಪ್ಪಾ, ಅದೆಲ್ಲ ಬೇಡ. ಹೌದು ಇಲ್ಲ ಅಂತ ಹೇಳು ಸಾಕು."

"ಮಾತೃಭಾಷೇಲಿ ಪೂರ್ತಿ ಹೇಳ್ಬೇಕು ಅಂತ ನಿಯಮ ಕಣೇ. ಹೇಳು, ಹೇಳು."

ಅವಳು ಹೇಳಿದಳು. ಲ್ಯಾಪ್‌ಟಾಪಿನ ಕುಂಕುಮದ ಕಥೆ ಕೇಳಿ ಫಿಟ್ಸರ್ ಮೊದಲ ಬಾರಿಗೆ ನಕ್ಕ. ನಿರ್ದೇಶಕಿಗೆ ನಗು ಬರಲಿಲ್ಲ. ಆಕೆಗೆ ಉತ್ಸಾಹ ಏರುತ್ತಿತ್ತು. ಎದ್ದು ಹೋಗಿ ಮೂಲೆಯ ಗಾಜಿನ ಕಪಾಟೊಂದನ್ನು ತೋರಿಸಿದರು. ಅದರ ಮೇಲೆ 'ಕ್ಷಮಾಯಾಚನೆಗಳು' ಎಂದು ಬರೆದಿತ್ತು. ಎಂಟು ಅರೆ, ಅದರಲ್ಲಿ ಏಳು ಖಾಲಿ. ಒಂದರಲ್ಲಿ ಎರಡು ಕಾಗದ. ಅದರಲ್ಲೊಂದು, ಯಾರಿಗಾದರೂ ತೊಂದರೆಯಾಗಿದ್ದ ಪಕ್ಷದಲ್ಲಿ ವಿಷಾದವಿದೆ, ಆದರೆ ತೊಂದರೆಯಾಗಿದೆ ಎಂದು ಇದರ ಅರ್ಥವಲ್ಲ ಎಂಬ ಧಾಟಿಯದು.

"ಇಷ್ಟೊಂದು ಸಿಡಿಸಿ ಇಷ್ಟೇ ಸಿಕ್ಕಿರೋದಂತೆ" ಅಂದಳು ನಿಶ್ಚಿತಾ. "ನೀನು ಒಂದು ಸೆಕೆಂಡಲ್ಲಿ ಕೇಳ್ದೆಯಂತೆ. ಫಾರಂನಲ್ಲಿ ನಿನಗೆ ಅಂತ ಐದನೇ ಚೌಕ ಬೇಕಂತೆ."

ಐದನೆಯ ಚೌಕ ಸೇರಿಸಬೇಕಾದರೆ ಸಂಘದ ಕಾರ್ಯಕಾರಿ ಸಮಿತಿಯ ಒಪ್ಪಿಗೆ ಬೇಕು. ಸಮಿತಿಯಲ್ಲಿ ಇರುವವರು ಮೂವರು. ಒಬ್ಬರು ಸ್ಪೇನಿಗೆ ರಜೆಯ ಮೇಲೆ ಹೋಗಿದ್ದಾರೆ, ಇನ್ನಿಬ್ಬರು ಇವರೇ, ನಿರ್ದೇಶಕಿ ಮತ್ತು ಫಿಟ್ಸರ್. ಕೋರಂ ಇದೆ ಎಂದು ಘೋಷಿಸಿ ಅಲ್ಲೇ ಬಾಂಬಿನ ಪಕ್ಕದಲ್ಲಿ ತುರ್ತು ಸಭೆ ನಡೆಸಿದರು. ನಿರ್ದೇಶಕಿ ಪರವಾಗಿ ಕೈಯೆತ್ತಿದರು. ಫಿಟ್ಸರ್ ತಟಸ್ಥನಾಗಿ ಉಳಿದ, ಏಕೆಂದರೆ ಹೊಸ ಫಾರಂ ಅಚ್ಚು ಹಾಕಿಸುವ ಕೆಲಸ ಅವನದು. ಒಂದು ಮತದಿಂದ ನಿರ್ಣಯ ಅಂಗೀಕಾರವಾಯಿತು. ಫಿಟ್ಸರ್ ಸ್ಕೇಲು ಹಿಡಿದು ಐದನೆಯ ಚೌಕ ಬರೆದು, ಅದರ ಮುಂದೆ ದುಂಡಗೆ 'ಕ್ಷಮಾಯಾಚನೆ' ಎಂದು ಬರೆದ.

ಇದನ್ನೆಲ್ಲ ಜರ್ಮನ್‌ನಲ್ಲಿ ಕೇಳುತ್ತ, ಆ ತಟಸ್ಥನ ಕಾರಣಕ್ಕೆ ನಾನು ಕಿಸಕ್ಕನೆ ನಕ್ಕುಬಿಟ್ಟೆ. ನಿಶ್ಚಿತಾ ಇನ್ನೂ ಬಾಯಿ ತೆರೆದಿರಲಿಲ್ಲ. ಅವಳು ನನ್ನ ಮುಖವನ್ನೇ ನೋಡಿದಳು.

"ನಿನಗೆ ಅರ್ಥ ಆಗ್ತಿದೆ" ಅಂದಳು.

"ಅಲ್ಲೊಂದು ಇಲ್ಲೊಂದು."

"ಎಲ್ಲಾ ಅರ್ಥ ಆಗ್ತಿದೆ. ಬೇಕೂಂತ ಎಳೀತಿದೀಯ."

ನಾನು ಇಂಗು ತಿಂದ ಮಂಗನಂತೆ ಕೂತೆ. ಈಗ ಇವಳು ಅನುವಾದಕ್ಕೆ ನಮಸ್ಕಾರ ಹೇಳಿ ಹೊರಟುಬಿಡುತ್ತಾಳೆ, ಅಲ್ಲಿಗೆ ಕನ್ನಡ ಕೊನೆ, ಬಹುಶಃ ಜರ್ಮನ್ ಕೂಡ ಕೊನೆ ಅಂದುಕೊಂಡೆ. ನಿಜವಾಗಿ ಹೆದರಿಕೆಯಾಯಿತು. ಆದರೆ ಅವಳು ಹೋಗಲಿಲ್ಲ. ಕೈಕಟ್ಟಿ ನಿಂತು ನಿರ್ದೇಶಕಿಯ ಮುಂದಿನ ಪ್ರಶ್ನೆಯನ್ನು ಕೇಳಿಸಿಕೊಂಡಳು.

"ಐದನೇ ಚೌಕಕ್ಕೆ ಎರಡು ವಿವರ ಬೇಕಂತೆ. ಯಾರಿಗೆ ಕ್ಷಮೆ ಕೇಳ್ದೆ, ಯಾಕೆ ಕೇಳ್ದೆ. ಬಾಂಬಿಗಾ, ಅದು ಬಿದ್ದ ಜಾಗದವ್ರಿಗಾ?"

ಈ ಸಲ ನನಗೆ ಹರಿಕಥೆ ಹೊಳೆಯಲಿಲ್ಲ. ನಿಜವಾಗಿ ಯೋಚಿಸಿದೆ. ಹುಟ್ಟಿದಾಗಿನಿಂದ ಸಾವಿರ ಸಲ ಮಾಡಿದ್ದೇನೆ, ಯಾರಿಗೆ ಎಂದು ಒಂದು ಸಲವೂ ಯೋಚಿಸಿರಲಿಲ್ಲ.

"ಯಾರಿಗೆ ಅಂತ ನೋಡ್ಕೊಂಡು ಮಾಡೋದಲ್ಲ ಪುಟ್ಟಿ ಅದು. ನನ್ನ ಕಾಲು ತಗುಲ್ತು. ಆ ಕಡೆ ಇರೋದಕ್ಕೆ ನೋವಾಗಿರಬಹುದು."

"ಕಬ್ಬಿಣಕ್ಕೆ ನೋವಾಗಲ್ಲ."

ಇದು ನಿರ್ದೇಶಕಿಯ ಪ್ರಶ್ನೆಯಲ್ಲ, ಇವಳದೇ. ಆದರೂ ಉತ್ತರ ಹೇಳಿದೆ.

"ಆಗುತ್ತೋ ಇಲ್ವೋ ಅಂತ ವಿಚಾರಿಸಿ ಆಮೇಲೆ ಕೇಳೋದಲ್ಲ. ಮೊದ್ಲು ಕೇಳಿಬಿಡೋದು. ಅಷ್ಟೇ."

ಅವಳು ಅದನ್ನು ಅನುವಾದಿಸಲಿಲ್ಲ. ನಿರ್ದೇಶಕಿ ಪೆನ್ನು ಹಿಡಿದು ಕಾದರು. ಮಕ್ಕಳು ಕಾದರು. ಕೆಸ್ಲರ್ ಗಡಿಯಾರ ನೋಡುವುದನ್ನು ಬಿಟ್ಟಿದ್ದರು. ನಿಶ್ಚಿತಾಳ ಗಲ್ಲ ಸಣ್ಣಗೆ ನಡುಗುತ್ತಿತ್ತು. ಚಿಕ್ಕವಳಿದ್ದಾಗ ಅಳುವ ಮೊದಲು ಹಾಗೇ ಆಗುತ್ತಿತ್ತು.

"ಅವರು ಇನ್ನೊಂದು ಕೇಳ್ತಿದಾರೆ" ಅಂದಳು.

"ಕೇಳ್ಲಿ."

"ಪುಸ್ತಕಕ್ಕೆ ಕೇಳ್ತೀಯ. ಪೊರಕೆಗೆ ಕೇಳ್ತೀಯ. ಬಸ್ಸಲ್ಲಿ ಯಾರೋ ಗೊತ್ತಿಲ್ದೇ ಇರೋರಿಗೆ ಕೇಳ್ತೀಯ. ಬಾಂಬಿಗೂ ಕೇಳ್ದೆ. ಮತ್ತೆ ಮಗಳಿಗೆ ಏಳು ವಾರ ಆದ್ರೂ ಯಾಕೆ ಕೇಳಿಲ್ಲ ಅಂತ."

ನಾನು ನಿರ್ದೇಶಕಿಯ ಕಡೆ ನೋಡಿದೆ. ಆಕೆ ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಬಾಯಿ ಮುಚ್ಚಿತ್ತು.

"ಹೆಡ್‌ಫೋನ್ ತಂದ್ಕೊಟ್ನಲ್ಲೇ" ಅಂದೆ. ಅದು ಎಂಥ ದರಿದ್ರ ಉತ್ತರ ಎಂದು ಹೇಳುವಾಗಲೇ ಗೊತ್ತಾಯಿತು.

"ಹೆಡ್‌ಫೋನಿಗೆ ಚೌಕ ಇಲ್ವಂತೆ."

ಅಪ್ಪ ಎನ್ನುವ ಪದವಿಯ ಮೇಲೆ ಇಷ್ಟು ದಿನ ಕಾಲ ಮೇಲೆ ಕಾಲು ಹಾಕಿ ಕೂತಿದ್ದೆ. ಅಲ್ಲಿಂದ ಇಳಿಯುವುದು ಹೇಗೆಂದು ಗೊತ್ತಿರಲಿಲ್ಲ. ಆದರೂ ಇಳಿದೆ.

"ತಪ್ಪಾಯ್ತು" ಅಂದೆ.

"ಕೇಳಿಸ್ಲಿಲ್ವಂತೆ."

"ತಪ್ಪಾಯ್ತು ಕಣೇ ನಿಶ್ಚಿ" ಎಂದು ಜೋರಾಗಿ ಹೇಳಿದೆ. ಬಂಕರ್ ಅದನ್ನು ಇನ್ನೊಂದು ಸಲ ಹೇಳಿತು. ಮಕ್ಕಳು ಬೆಚ್ಚಿಬಿದ್ದರು.

"ಏನು ತಪ್ಪು ಅಂತ ಬರೀಬೇಕಂತೆ. ಎರಡನೇ ವಿವರ."

"ನಿನಗೆ ಸಾಲು ಮರೆತುಹೋಯ್ತು. ನೀನು ನನ್ನ ಕಡೆ ನೋಡ್ದೆ. ನನಗೆ ಆ ಸಾಲು ಗೊತ್ತಿತ್ತು. ಬಾತ್‌ರೂಮ್ ಬಾಗಿಲ ಹೊರಗೆ ನಿಂತು ಮೂರು ವಾರ ಕೇಳಿಸ್ಕೊಂಡಿದ್ದೆ, ನನಗೆ ಪೂರ್ತಿ ಬಾಯಿಪಾಠ ಆಗಿತ್ತು. ಮೈಕಲ್ಲಿ ಒಂದು ಪದ ಎತ್ತಿಕೊಟ್ಟಿದ್ರೆ ನೀನು ಮುಗಿಸ್ತಿದ್ದೆ. ನನಗೆ ಅವರನ್ನ ನಗಿಸೋದು ಮುಖ್ಯ ಆಯ್ತು."

ಬಾಗಿಲ ಹೊರಗೆ ನಾನು ನಿಂತಿದ್ದು ಅವಳಿಗೆ ಗೊತ್ತಿರಲಿಲ್ಲ. ಕಣ್ಣೀರು ಮೂಗಿನ ಪಕ್ಕದಿಂದ ಇಳಿದು ಬರುತ್ತಿತ್ತು, ಅದನ್ನು ತೋಳಿನಿಂದ ಒರೆಸಿಕೊಂಡಳು.

ನಿರ್ದೇಶಕಿ ಕನ್ನಡಕ ಹಾಕಿಕೊಂಡು, ಹಾಳೆಯ ಮೇಲೆ ಪೆನ್ನಿಟ್ಟು, ನಿಮ್ಮ ತಂದೆ ಏನು ಹೇಳಿದರು ಎಂದು ಮೆಲ್ಲಗೆ ಜರ್ಮನ್‌ನಲ್ಲಿ ಕೇಳಿದರು.

ನಿಶ್ಚಿತಾ ಆಕೆಯ ಕಡೆ ತಿರುಗಿ ಅಂದಳು: "ಸ್ವಲ್ಪ ಇರಿ ಮೇಡಂ, ಅಪ್ಪ ಇನ್ನೂ ಮುಗಿಸಿಲ್ಲ."

ಕನ್ನಡದಲ್ಲೇ ಅಂದಳು. ನಾನು ಮುಂದುವರಿಸಿದೆ.